ಒಂದೇ ಸರ್ಕ್ಯೂಟ್, ಏಳು ಆಂಪ್: ಟ್ಯೂಬ್ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದ ಟಿಪ್ಪಣಿ

ಏಳು ಜನ ಸೇರಿ ಒಂದೇ ಸರ್ಕ್ಯೂಟನ್ನು ಏಳು ಸಲ ಕಟ್ಟಿದೆವು. ಎಲ್ಲರ ಹತ್ತಿರವೂ ಅದೇ ನಕ್ಷೆ, ಅದೇ ಅಳತೆಯ ರೆಸಿಸ್ಟರ್, ಅದೇ ನಂಬರಿನ ಟ್ಯೂಬ್. ಶುರು ಮಾಡುವ ಮೊದಲೇ ಒಂದು ಮಾತು ಆಗಿತ್ತು. ಪವರ್ ಕೊಟ್ಟ ದಿನ ಪ್ರತಿಯೊಬ್ಬರೂ ಹತ್ತು ಜಾಗದಲ್ಲಿ ವೋಲ್ಟೇಜ್ ಅಳೆಯಬೇಕು, ಎಲ್ಲರೂ ನೋಡುವ ಒಂದೇ ಹಾಳೆಯಲ್ಲಿ ಬರೆಯಬೇಕು. ಸರಿ ಬಂದರೂ ಬರೆಯಬೇಕು, ತಪ್ಪು ಬಂದರೂ ಬರೆಯಬೇಕು. ನನ್ನ ಎಡಗಡೆ ಚಾನೆಲ್ ಸರಿಹೋಗಿದ್ದು ಆ ಹಾಳೆಯಿಂದ. ಅದಕ್ಕೇ ಈ ಟಿಪ್ಪಣಿಯಲ್ಲಿ ಅಂಕಿಗಳು ಜಾಸ್ತಿ ಇವೆ.

ಮೊದಲು ಸರ್ಕ್ಯೂಟ್ ಏನು ಅಂತ ಹೇಳಿಬಿಡುತ್ತೇನೆ. ಎರಡೇ ಟ್ಯೂಬ್. ಒಂದು 12ಎಯು7, ಇನ್ನೊಂದು 6080. ಎರಡರ ಗಾಜಿನೊಳಗೂ ಎರಡೆರಡು ಟ್ರಯೋಡ್ ಇರುತ್ತವೆ. ಟ್ರಯೋಡ್ ಅಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟ್ ಅನ್ನುವ ಮೂರು ಭಾಗ: ಕ್ಯಾಥೋಡ್ ಮತ್ತು ಪ್ಲೇಟ್ ನಡುವಿನ ಕರೆಂಟನ್ನು ಗ್ರಿಡ್‌ನ ವೋಲ್ಟೇಜ್ ಹಿಡಿತದಲ್ಲಿ ಇಡುತ್ತದೆ. ಹಾಗಾಗಿ ಅರ್ಧ ಟ್ಯೂಬ್ ಎಡ ಚಾನೆಲ್‌ಗೆ, ಅರ್ಧ ಬಲ ಚಾನೆಲ್‌ಗೆ. 12ಎಯು7 ಸಿಗ್ನಲ್‌ನ ವೋಲ್ಟೇಜ್ ಹೆಚ್ಚಿಸುತ್ತದೆ. 6080 ಕ್ಯಾಥೋಡ್ ಫಾಲೋಯರ್ ಆಗಿ, ಅಂದರೆ ಔಟ್‌ಪುಟ್ಟನ್ನು ಕ್ಯಾಥೋಡ್‌ನಿಂದ ತೆಗೆಯುವ ಜೋಡಣೆಯಲ್ಲಿ ನಿಂತು ಹೆಡ್‌ಫೋನಿಗೆ ಬೇಕಾದ ಕರೆಂಟ್ ಕೊಡುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ, ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಾಪಸ್ ಕೊಡುವುದು) ಇಲ್ಲ. ಎರಡು ಟ್ಯೂಬ್‌ಗಳ ನಡುವೆ ಕೆಪಾಸಿಟರ್ ಕೂಡ ಇಲ್ಲ, 12ಎಯು7ನ ಪ್ಲೇಟ್ ನೇರವಾಗಿ 6080ಯ ಗ್ರಿಡ್‌ಗೆ ಹೋಗುತ್ತದೆ. ಸಿಗ್ನಲ್ ದಾರಿಯಲ್ಲಿ ಇರುವುದು ಒಂದೇ ಕೆಪಾಸಿಟರ್, ಔಟ್‌ಪುಟ್‌ನಲ್ಲಿ, 100 ಮೈಕ್ರೋಫ್ಯಾರಡ್‌ದು.

6080 ಆಡಿಯೋಗಾಗಿ ಹುಟ್ಟಿದ ಟ್ಯೂಬ್ ಅಲ್ಲ. ಪವರ್ ಸಪ್ಲೈ ರೆಗ್ಯುಲೇಟರ್‌ಗಳಲ್ಲಿ ಕರೆಂಟ್ ಹಾಯಿಸುವ ಕೆಲಸಕ್ಕೆ ಮಾಡಿದ್ದು. 6ಎಎಸ್7ಜಿ ಅನ್ನುವ ಟ್ಯೂಬಿನ ಗಟ್ಟಿಮುಟ್ಟಾದ ರೂಪ ಇದು. ಇದರ ಆಂಪ್ಲಿಫಿಕೇಶನ್ ಫ್ಯಾಕ್ಟರ್ ಬರೀ 2. ಸಿಗ್ನಲ್ ದೊಡ್ಡದು ಮಾಡುವುದಕ್ಕೆ ಇದು ಬರುವುದಿಲ್ಲ. ಆದರೆ ಒಳಗಿನ ರೆಸಿಸ್ಟೆನ್ಸ್ ತುಂಬ ಕಡಿಮೆ, ಡೇಟಾಶೀಟ್ ಪ್ರಕಾರ 280 ಓಮ್. 12ಎಯು7ಗೆ ಅದೇ ಅಂಕಿ 7,700 ಓಮ್ ಇದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಹೆಡ್‌ಫೋನ್ ನಡೆಸಬೇಕು ಅಂದರೆ ಇಂಥ ಟ್ಯೂಬೇ ಬೇಕು. ಅದಕ್ಕೆ ಪ್ರತಿಯಾಗಿ ಇದು ಕೇಳುವುದು ಹೀಟರ್ (ಕ್ಯಾಥೋಡನ್ನು ಕಾಯಿಸುವ ತಂತಿ) ಕರೆಂಟ್: 6.3 ವೋಲ್ಟ್‌ನಲ್ಲಿ 2.5 ಆಂಪಿಯರ್. 12ಎಯು7ನ 0.3 ಆಂಪಿಯರ್ ಸೇರಿಸಿದರೆ 2.8. ಹಾಡು ಶುರುವಾಗುವ ಮೊದಲೇ ಹೀಟರ್‌ಗಳಿಗಾಗಿ ಸುಮಾರು 18 ವ್ಯಾಟ್ ಉರಿಯುತ್ತಿರುತ್ತದೆ.

ಇದನ್ನು ಕಟ್ಟುವ ಮೊದಲು ನಿಮ್ಮ ಹೆಡ್‌ಫೋನ್ ಎಷ್ಟು ಓಮ್ ಅಂತ ನೋಡಿಕೊಳ್ಳಿ. 250, 300 ಅಥವಾ 600 ಓಮ್ ಆದರೆ ಇದು ನಿಮಗೇ ಮಾಡಿದ ಹಾಗಿರುತ್ತದೆ. 32 ಓಮ್ ಆದರೆ ಬೇಡ. ಗುಂಪಿನಲ್ಲಿ ಒಬ್ಬರು 32 ಓಮ್‌ದನ್ನೇ ಇಟ್ಟುಕೊಂಡು ಬಂದಿದ್ದರು. ಅವರಿಗೆ ಮೊದಲೇ ಹೇಳಿದೆವು, ಅವರು ಬೇರೆಯವರಿಂದ 300 ಓಮ್‌ದು ತಂದು ಕೇಳಿ ಆಮೇಲೆ ನಿರ್ಧಾರ ಮಾಡಿದರು. ಕಾರಣ ಮುಂದೆ ಅಳತೆ ಬಂದಾಗ ಹೇಳುತ್ತೇನೆ.

ಪವರ್ ಸಪ್ಲೈ

ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡು ಸೆಕೆಂಡರಿ (ವೋಲ್ಟೇಜ್ ಹೊರಗೆ ಕೊಡುವ ಸುರುಳಿ): 150 ವೋಲ್ಟ್ ಒಂದು, 6.3 ವೋಲ್ಟ್ 4 ಆಂಪಿಯರ್ ಒಂದು. 150 ವೋಲ್ಟ್ ಎಸಿಯನ್ನು ಬ್ರಿಡ್ಜ್ ರೆಕ್ಟಿಫೈಯರ್ ದಾಟಿಸಿ ಕೆಪಾಸಿಟರ್‌ಗೆ ತುಂಬಿದರೆ ಸುಮಾರು 210 ವೋಲ್ಟ್ ಡಿಸಿ. ಅಲ್ಲಿಂದ 270 ಓಮ್ ರೆಸಿಸ್ಟರ್, ಕೆಪಾಸಿಟರ್, ಮತ್ತೆ 270 ಓಮ್, ಮತ್ತೆ ಕೆಪಾಸಿಟರ್. ಮೂರೂ ಕೆಪಾಸಿಟರ್ 220 ಮೈಕ್ರೋಫ್ಯಾರಡ್. ಇಡೀ ಆಂಪ್ ಎಳೆಯುವುದು ಸುಮಾರು 73 ಮಿಲಿಆಂಪ್, ಒಂದೊಂದು ರೆಸಿಸ್ಟರ್‌ನಲ್ಲೂ 20 ವೋಲ್ಟ್ ಹತ್ತಿರ ಬೀಳುತ್ತದೆ. ಕೊನೆಗೆ ಸಿಗುವುದು 170.

ಕೆಪಾಸಿಟರ್‌ಗಳನ್ನು 350 ವೋಲ್ಟ್ ರೇಟಿಂಗ್‌ನವೇ ಹಾಕಿದೆವು. ಟ್ಯೂಬ್ ತಣ್ಣಗಿರುವಾಗ ಯಾರೂ ಕರೆಂಟ್ ಎಳೆಯುವುದಿಲ್ಲ. ಆಗ ಮೂರೂ ಕೆಪಾಸಿಟರ್ ಮೇಲೆ ಪೂರ್ತಿ ವೋಲ್ಟೇಜ್ ಕೂರುತ್ತದೆ. ಲೋಡ್ ಇಲ್ಲದ ಟ್ರಾನ್ಸ್‌ಫಾರ್ಮರ್ ಬರೆದಿರುವುದಕ್ಕಿಂತ ಜಾಸ್ತಿಯನ್ನೇ ಕೊಡುತ್ತದೆ. 200 ವೋಲ್ಟ್‌ದು ಇದೆ, ಸಾಕಲ್ವಾ ಅಂತ ಒಬ್ಬರು ಕೇಳಿದರು. ಸಾಲದು. ಔಟ್‌ಪುಟ್ ಕೆಪಾಸಿಟರ್‌ಗೂ ಇದೇ ಮಾತು. ಅದು 100 ವೋಲ್ಟ್ ಹತ್ತಿರ ಕೆಲಸ ಮಾಡುತ್ತದೆ ನಿಜ. ಆದರೆ 12ಎಯು7 ಕರೆಂಟ್ ಎಳೆಯಲು ಶುರು ಮಾಡುವ ಮೊದಲೇ 6080 ಬಿಸಿಯಾದರೆ ಅದರ ಕ್ಯಾಥೋಡ್ ತುಂಬ ಮೇಲಕ್ಕೆ ಹೋಗುತ್ತದೆ. ಅಲ್ಲಿಗೆ 250 ವೋಲ್ಟ್‌ದು ಬೇಕು.

ಈಗ ಜೀವದ ಮಾತು. 170 ವೋಲ್ಟ್ ಡಿಸಿ ಕೊಲ್ಲಬಲ್ಲದು. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳು ತುಂಬಿಯೇ ಇರುತ್ತವೆ. ಅದಕ್ಕೇ ಮೊದಲ ಕೆಪಾಸಿಟರ್‌ಗೆ ಅಡ್ಡವಾಗಿ 47 ಕಿಲೋಓಮ್ 3 ವ್ಯಾಟ್ ರೆಸಿಸ್ಟರ್ ಹಾಕಿದೆವು, ಚಾರ್ಜ್ ಖಾಲಿ ಮಾಡಲು. ಲೆಕ್ಕ ಹಾಕಿದರೆ ಎರಡೂವರೆ ನಿಮಿಷದಲ್ಲಿ ಒಂದೆರಡು ವೋಲ್ಟ್‌ಗೆ ಇಳಿಯುತ್ತದೆ. ಆದರೂ ಕೈ ಹಾಕುವ ಮೊದಲು ಪ್ರತಿ ಸಲವೂ ಮೀಟರ್ ಇಟ್ಟು ನೋಡಿ. ಆ ರೆಸಿಸ್ಟರ್‌ನ ಬೆಸುಗೆಯೇ ಬಿಟ್ಟಿರಬಹುದು. ಪವರ್ ಇದ್ದಾಗ ಅಳೆಯುವಾಗ ಮೀಟರ್‌ನ ಕಪ್ಪು ತಂತಿಯನ್ನು ಚಾಸಿಸ್‌ಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಂಪು ಮೊನೆ ಹಿಡಿಯಿರಿ, ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಲೋಹದ ಚಾಸಿಸ್‌ಗೆ ಮೇನ್ಸ್ ಅರ್ಥ್ ಬೋಲ್ಟ್ ಹಾಕಿ ಬಿಗಿಯಲೇಬೇಕು. ಫೇಸ್ ತಂತಿಯಲ್ಲಿ ಫ್ಯೂಸ್ ಇರಲೇಬೇಕು. ನಮ್ಮ ಗುಂಪಿನಲ್ಲಿ ಮೇನ್ಸ್ ಭಾಗವನ್ನು ಇನ್ನೊಬ್ಬರು ನೋಡಿ ಸರಿ ಅನ್ನುವ ತನಕ ಯಾರೂ ಪ್ಲಗ್ ಹಾಕಲಿಲ್ಲ.

ಕಟ್ಟಿದ್ದು

ಚಾಸಿಸ್ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಯೂಮಿನಿಯಂ ತಗಡು, ಅಂಚಿಗೆ ಮರದ ಚೌಕಟ್ಟು, ಸಾಕೆಟ್‌ಗಳಿಗೆ ದೊಡ್ಡ ರಂಧ್ರ. ಒಂದು ಎಚ್ಚರ ಮಾತ್ರ ಇರಲಿ. 6080ಯ ಕ್ಯಾಥೋಡ್‌ನಲ್ಲಿ ಇರುವ 3 ಕಿಲೋಓಮ್ ರೆಸಿಸ್ಟರ್‌ಗಳಲ್ಲಿ ಒಂದೊಂದೂ 3 ವ್ಯಾಟ್‌ಗಿಂತ ಜಾಸ್ತಿ ಶಾಖ ಬಿಡುತ್ತದೆ. 10 ವ್ಯಾಟ್‌ನವು ಹಾಕಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಂದ ದೂರ ಇಡಿ. ತಗಡಿನಲ್ಲಿ ಗಾಳಿ ಆಡಲು ಸಾಲಾಗಿ ತೂತು ಕೊರೆಯಿರಿ.

ವೈರಿಂಗ್ ಎಲ್ಲ ಸಾಕೆಟ್‌ನಿಂದ ಸಾಕೆಟ್‌ಗೆ, ಟ್ಯಾಗ್ ಪಟ್ಟಿಗಳ ಮೇಲೆ. ಪಿಸಿಬಿ ಮಾಡಿಸೋಣ ಅಂತ ಒಂದು ಮಾತು ಬಂದಿತ್ತು. ನಾನು ಬೇಡ ಅಂದೆ. ಇಷ್ಟು ಕಡಿಮೆ ಭಾಗಗಳಿರುವಾಗ ಕೈಯಲ್ಲಿ ತಂತಿ ಎಳೆದರೆ ಸರ್ಕ್ಯೂಟ್ ತಲೆಯಲ್ಲಿ ಕೂರುತ್ತದೆ. ಮುಂದೆ ಏನಾದರೂ ಕೆಟ್ಟರೆ ಎಲ್ಲಿ ಮುಟ್ಟಬೇಕು ಅಂತ ಕೈಗೇ ಗೊತ್ತಿರುತ್ತದೆ. ಗುಂಪಿನ ಹಿರಿಯರೊಬ್ಬರು ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಅವರೂ ಇದನ್ನೇ ಹೇಳಿದರು.

ಹೀಟರ್ ತಂತಿ ಮೊದಲು. ಎರಡು ತಂತಿಗಳನ್ನು ಬಿಗಿಯಾಗಿ ಹೆಣೆದು ಚಾಸಿಸ್‌ನ ಮೂಲೆಗುಂಟ ಎಳೆಯಬೇಕು. 12ಎಯು7ನ 4 ಮತ್ತು 5ನೇ ಪಿನ್ ಸೇರಿಸಿ ಒಂದು ತಂತಿಗೆ, 9ನೇ ಪಿನ್ ಇನ್ನೊಂದಕ್ಕೆ. ಆಗ ಅದು 6.3 ವೋಲ್ಟ್‌ನಲ್ಲಿ ಉರಿಯುತ್ತದೆ. 6080ಯಲ್ಲಿ 7 ಮತ್ತು 8. ಪಿನ್ ಎಣಿಸುವುದು ಸಾಕೆಟ್‌ನ ಕೆಳಗಿನಿಂದ ನೋಡಿ, ಗಡಿಯಾರದ ಮುಳ್ಳು ತಿರುಗುವ ಕಡೆಗೆ. ನಮ್ಮಲ್ಲಿ ಒಬ್ಬರು ಮೇಲಿನಿಂದ ಎಣಿಸಿದ್ದರು. ಹೀಟರ್ ತಂತಿ 1 ಮತ್ತು 2ಕ್ಕೆ ಹೋಗಿತ್ತು, ಅಂದರೆ ಗ್ರಿಡ್ ಮತ್ತು ಪ್ಲೇಟ್‌ಗೆ. ಅದೃಷ್ಟಕ್ಕೆ ನಾವು ಮೊದಲ ಸಲ ಹೀಟರ್ ಮಾತ್ರ ಹಚ್ಚಿ ನೋಡುತ್ತಿದ್ದೆವು, 150 ವೋಲ್ಟ್ ತಂತಿ ಬಿಚ್ಚಿಟ್ಟು ಟೇಪ್ ಸುತ್ತಿದ್ದೆವು. ಟ್ಯೂಬ್ ಹೊತ್ತಿಕೊಳ್ಳಲಿಲ್ಲ, ಅಷ್ಟೇ. ಹೈ ವೋಲ್ಟೇಜ್ ಕೂಡ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು.

12ಎಯು7ನ ಕ್ಯಾಥೋಡ್‌ನಲ್ಲಿ ರೆಸಿಸ್ಟರ್ ಬದಲು ಕೆಂಪು ಎಲ್‌ಇಡಿ ಹಾಕಿದ್ದೇವೆ. ಅದರ ಮೇಲೆ ಸುಮಾರು 1.7 ವೋಲ್ಟ್ ಬೀಳುತ್ತದೆ. ಕರೆಂಟ್ ಹೆಚ್ಚುಕಡಿಮೆ ಆದರೂ ಆ ವೋಲ್ಟೇಜ್ ಅಷ್ಟಾಗಿ ಅಲುಗುವುದಿಲ್ಲ. ಹಾಗಾಗಿ ಟ್ಯೂಬ್‌ಗೆ ಬೇಕಾದ ಬಯಾಸ್ (ಗ್ರಿಡ್ ಮತ್ತು ಕ್ಯಾಥೋಡ್ ನಡುವೆ ಇರಬೇಕಾದ ವೋಲ್ಟೇಜ್) ಅದರಿಂದಲೇ ಸಿಗುತ್ತದೆ, ಬೈಪಾಸ್ ಕೆಪಾಸಿಟರ್ ಹಾಕುವ ಕೆಲಸ ತಪ್ಪುತ್ತದೆ. ಉದ್ದ ಕಾಲು ಟ್ಯೂಬ್ ಕಡೆಗೆ, ಗಿಡ್ಡ ಕಾಲು ಗ್ರೌಂಡ್‌ಗೆ. ಈ ಸಾಲು ನೆನಪಿರಲಿ.

ಮೊದಲ ಪವರ್

ಹೀಟರ್ ಹಚ್ಚಿ ಅಳೆದಾಗ ನನ್ನದು 6.5 ವೋಲ್ಟ್ ಬಂತು. ಶೇಕಡಾ 10 ಆಚೀಚೆ ಆದರೂ ಪರವಾಗಿಲ್ಲ, ಅಂದರೆ 5.7ರಿಂದ 6.9ರ ತನಕ. ಆಮೇಲೆ 150 ವೋಲ್ಟ್ ತಂತಿ ಸೇರಿಸಿ, ಮೇನ್ಸ್‌ಗೆ ಸೀರೀಸ್‌ನಲ್ಲಿ 100 ವ್ಯಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್ ಹಾಕಿ ಸ್ವಿಚ್ ಒತ್ತಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಆಂಪ್ ಉಳಿಯುತ್ತದೆ. ನನ್ನದು ಮಂದವಾಗಿ ಹೊತ್ತಿ ಹಾಗೇ ನಿಂತಿತು. ಬಲ್ಬ್ ಇರುವಾಗ ಅಳೆದ ವೋಲ್ಟೇಜ್‌ಗೆ ಅರ್ಥ ಇಲ್ಲ, ಅದು ತಾನೇ ಒಂದಷ್ಟು ನುಂಗಿರುತ್ತದೆ. ಬಲ್ಬ್ ತೆಗೆದು, ಹೆಡ್‌ಫೋನ್ ಬದಲು 300 ಓಮ್ ರೆಸಿಸ್ಟರ್ ಹಾಕಿ, ಐದು ನಿಮಿಷ ಬಿಟ್ಟು ಅಳೆದೆ.

ಬಲ ಚಾನೆಲ್: 12ಎಯು7 ಪ್ಲೇಟ್ 74 ವೋಲ್ಟ್, ಕ್ಯಾಥೋಡ್ 1.7, 6080 ಕ್ಯಾಥೋಡ್ 96.

ಎಡ ಚಾನೆಲ್: ಪ್ಲೇಟ್ 132, 6080 ಕ್ಯಾಥೋಡ್ 130.

ಕೊನೆಯ ಕೆಪಾಸಿಟರ್ ಮೇಲೆ 166 ವೋಲ್ಟ್ ಮಾತ್ರ ಇತ್ತು.

ಹಾಳೆಯಲ್ಲಿ ಆಗಲೇ ನಾಲ್ಕು ಜನರ ಅಂಕಿ ಇದ್ದವು. ಎಲ್ಲರ ಪ್ಲೇಟ್ 71ರಿಂದ 80ರ ಒಳಗೆ, 6080 ಕ್ಯಾಥೋಡ್ 92ರಿಂದ 103ರ ಒಳಗೆ. ಟ್ಯೂಬ್‌ನಿಂದ ಟ್ಯೂಬ್‌ಗೆ ಇಷ್ಟು ವ್ಯತ್ಯಾಸ ಸಹಜ. ನನ್ನ 132 ಆ ಸಾಲಿನಲ್ಲಿ ಎದ್ದು ಕಾಣುತ್ತಿತ್ತು.

ನಾನು ಮೊದಲು 6080 ಮೇಲೆ ಅನುಮಾನ ಪಟ್ಟೆ, ಅದರ ರೆಸಿಸ್ಟರ್ ಸುಡುತ್ತಿತ್ತಲ್ಲ. 130 ವೋಲ್ಟ್ 3 ಕಿಲೋಓಮ್ ಮೇಲೆ ಅಂದರೆ 43 ಮಿಲಿಆಂಪ್, 5.6 ವ್ಯಾಟ್. ಎರವಲು ತಂದ 6080 ಹಾಕಿದೆ. ಅದೇ ಅಂಕಿ. ಆಗ ಅಂಕಿಗಳನ್ನು ಹಾಳೆಯಲ್ಲಿ ಬರೆದು ಬಿಟ್ಟೆ. ರಾತ್ರಿ ಹಿರಿಯರು ಫೋನ್ ಮಾಡಿದರು.

“ನಿಮ್ಮ ಎಡಗಡೆ 6080ಯ ಗ್ರಿಡ್ಡೂ ಕ್ಯಾಥೋಡೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್‌ನಲ್ಲಿ ಇವೆ, ನೋಡಿದಿರಾ? ಬೇರೆಯವರದ್ದರಲ್ಲಿ ಕ್ಯಾಥೋಡ್ ಇಪ್ಪತ್ತು ವೋಲ್ಟ್ ಮೇಲಿದೆ.”

“ಹೌದು ಸರ್. ಹಾಗಾದರೆ 6080 ಸರಿ ಇಲ್ವಾ?”

“6080 ಸರಿ ಇದೆ. ಗ್ರಿಡ್ ಎಳೆದ ಕಡೆಗೆ ಅದು ಹೋಗಿದೆ. ಗ್ರಿಡ್ಡನ್ನ ಕೆಳಗೆ ಹಿಡಿಯಬೇಕಾದ್ದು ಯಾರು? 12ಎಯು7. ಅದು ಕರೆಂಟ್ ಎಳೀತಾ ಇಲ್ಲ. ನೀವು ಅದರ ಕ್ಯಾಥೋಡ್ ಅಂಕಿ ಬರೆದೇ ಇಲ್ವಲ್ಲ.”

ನಿಜ, ಎಡಗಡೆ ಆ ಮನೆ ಖಾಲಿ ಬಿಟ್ಟಿದ್ದೆ. ಬೆಳಗ್ಗೆ ಎದ್ದು ಅಳೆದೆ. 1.7 ಇರಬೇಕಾದ ಕಡೆ 8 ವೋಲ್ಟ್ ಇತ್ತು. ಟೇಬಲ್ ದೀಪ ಆರಿಸಿ ಚಾಸಿಸ್ ಒಳಗೆ ನೋಡಿದರೆ ಬಲಗಡೆ ಎಲ್‌ಇಡಿ ಕೆಂಪಗೆ ಹೊಳೆಯುತ್ತಿದೆ, ಎಡಗಡೆಯದು ಕತ್ತಲೆ. ಉಲ್ಟಾ ಬೆಸುಗೆ ಹಾಕಿದ್ದೆ.

ಇಲ್ಲಿ ನಡೆದದ್ದು ಇಷ್ಟು. ಉಲ್ಟಾ ಎಲ್‌ಇಡಿ ದಾರಿ ಮುಚ್ಚಿತು. 12ಎಯು7ನ ಕ್ಯಾಥೋಡ್ ಮೇಲೇರಿ ಟ್ಯೂಬ್ ತಾನೇ ನಿಂತುಹೋಯಿತು. ಪ್ಲೇಟ್ ರೆಸಿಸ್ಟರ್ 22 ಕಿಲೋಓಮ್‌ದು, ಅದರಲ್ಲಿ ಕರೆಂಟ್ ಹರಿಯದೆ ಪ್ಲೇಟ್ ಪೂರ್ತಿ 166ಕ್ಕೆ ಹೋಗಬೇಕಿತ್ತು. ಆದರೆ ಗ್ರಿಡ್ ಕ್ಯಾಥೋಡ್‌ಗಿಂತ ಮೇಲೆ ಹೋದ ಕೂಡಲೇ 6080 ಗ್ರಿಡ್ ಮೂಲಕವೂ ಕರೆಂಟ್ ಕುಡಿಯಲು ಶುರು ಮಾಡುತ್ತದೆ. ಆ ಒಂದೂವರೆ ಮಿಲಿಆಂಪ್ ಪ್ಲೇಟನ್ನು 132ರಲ್ಲಿ ಹಿಡಿದಿತ್ತು. ಒಟ್ಟು ಕರೆಂಟ್ ಜಾಸ್ತಿಯಾದ್ದರಿಂದ ಸಪ್ಲೈ 170ರಿಂದ 166ಕ್ಕೆ ಜಗ್ಗಿತ್ತು. ಮೂರೂ ಅಂಕಿ ಒಂದೇ ಕಥೆ ಹೇಳುತ್ತಿದ್ದವು.

ಎಲ್‌ಇಡಿಯನ್ನು ತಿರುಗಿಸಿ ಹಾಕಲಿಲ್ಲ, ಹೊಸದು ಹಾಕಿದೆ. ಸಾಮಾನ್ಯವಾಗಿ ಇವು ಉಲ್ಟಾ 5 ವೋಲ್ಟ್ ತನಕ ತಡೆಯುತ್ತವೆ ಅಂತ ಡೇಟಾಶೀಟ್‌ನಲ್ಲಿ ಇರುತ್ತದೆ, ಇದು 8 ವೋಲ್ಟ್‌ನಲ್ಲಿ ಒಂದು ಸಂಜೆ ಕಳೆದಿತ್ತು. ಹೊಸ ಅಂಕಿ: ಪ್ಲೇಟ್ 77, ಕ್ಯಾಥೋಡ್ 1.7, 6080 ಕ್ಯಾಥೋಡ್ 98. ಸಪ್ಲೈ 170.

ಇನ್ನೊಂದು ಮಾತು. ಇಂಥ ನೇರ ಜೋಡಣೆಯ ಸರ್ಕ್ಯೂಟ್‌ನಲ್ಲಿ ತಪ್ಪು ಹುಡುಕಲು ಅಂತ 12ಎಯು7 ಕಿತ್ತು ಪವರ್ ಕೊಡಬೇಡಿ. ಮೇಲೆ ಹೇಳಿದ ಸ್ಥಿತಿಯೇ ಎರಡೂ ಕಡೆ ಆಗುತ್ತದೆ.

ಹಮ್

ಎರಡೂ ಚಾನೆಲ್ ಹಾಡಿದವು. ಆದರೆ ಹಾಡು ನಿಂತಾಗ ಹಿಂದೆ ಒಂದು ಕೊರೆಯುವ ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗಲಿಲ್ಲ. ಸದ್ದನ್ನು ಕಿವಿಯಿಂದಲೇ ಎರಡು ಜಾತಿ ಮಾಡಬಹುದು. ಮೆತ್ತಗೆ, ಗುಂಯ್ ಅಂತ ಇದ್ದರೆ ಅದು ಮೇನ್ಸ್‌ನ 50 ಹರ್ಟ್ಸ್: ಹೀಟರ್ ತಂತಿಯಿಂದ, ಟ್ರಾನ್ಸ್‌ಫಾರ್ಮರ್‌ನಿಂದ ಅಥವಾ ಗ್ರೌಂಡ್ ಲೂಪ್‌ನಿಂದ ಬಂದದ್ದು. ಒರಟಾಗಿ ಜಿರ್ರ್ ಅಂದರೆ 100 ಹರ್ಟ್ಸ್: ರೆಕ್ಟಿಫೈಯರ್ ಕಡೆಯದು. 60 ಹರ್ಟ್ಸ್ ಮೇನ್ಸ್ ಇರುವ ಕಡೆ 60 ಮತ್ತು 120. ನನ್ನದು ಒರಟು ಜಾತಿ.

ಫಿಲ್ಟರ್ ಸಾಲದೇ ಬಂತೇನೋ ಅಂತ ಮೊದಲು ಅನ್ನಿಸಿತು. ಲೆಕ್ಕ ಹಾಕಿ ನೋಡಿದೆ. ಮೊದಲ ಕೆಪಾಸಿಟರ್ ಮೇಲೆ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಸುಮಾರು 3.3 ವೋಲ್ಟ್. 220 ಮೈಕ್ರೋಫ್ಯಾರಡ್ 100 ಹರ್ಟ್ಸ್‌ನಲ್ಲಿ 7.2 ಓಮ್ ಇದ್ದ ಹಾಗೆ, 270 ಓಮ್ ಎದುರು ಅದು ರಿಪಲ್ಲನ್ನು 37 ಪಟ್ಟು ಇಳಿಸುತ್ತದೆ. ಎರಡು ಸಲ ಇಳಿಸಿದರೆ 2.4 ಮಿಲಿವೋಲ್ಟ್. ಆಸಿಲೋಸ್ಕೋಪ್ ಇರುವ ಗೆಳೆಯರ ಹತ್ತಿರ ಒಯ್ದು ನೋಡಿದರೆ ಅಷ್ಟೇ ಇತ್ತು. ಫಿಲ್ಟರ್ ಸರಿ ಇದೆ. ತಪ್ಪು ಗ್ರೌಂಡ್‌ನಲ್ಲಿ.

ವಾಲ್ಯೂಮ್ ಪಾಟ್‌ನ ಗ್ರೌಂಡ್ ತಂತಿಯನ್ನು ರೆಕ್ಟಿಫೈಯರ್‌ಗೂ ಮೊದಲ ಕೆಪಾಸಿಟರ್‌ಗೂ ನಡುವಿನ ತಂತಿಗೆ ಸೇರಿಸಿದ್ದೆ, ಹತ್ತಿರ ಸಿಕ್ಕಿತು ಅಂತ. ಆ ತಂತಿಯಲ್ಲಿ ಕರೆಂಟ್ ಸಮವಾಗಿ ಹರಿಯುವುದಿಲ್ಲ. ಕೆಪಾಸಿಟರ್ ತುಂಬಿಕೊಳ್ಳುವ ಸಣ್ಣ ಗಳಿಗೆಯಲ್ಲಿ, ಸೆಕೆಂಡಿಗೆ 100 ಸಲ, ಸರಾಸರಿ 73 ಮಿಲಿಆಂಪ್‌ನ ಹಲವು ಪಟ್ಟು ಒಮ್ಮೆಲೇ ನುಗ್ಗುತ್ತದೆ. ತಂತಿಯ ರೆಸಿಸ್ಟೆನ್ಸ್ ಸಣ್ಣದೇ, ಆದರೆ ಅಲ್ಲಿ ಹುಟ್ಟುವ ವೋಲ್ಟೇಜ್ ಸಿಗ್ನಲ್ ಜೊತೆ ಸೇರಿ ಎಂಟು ಪಟ್ಟು ದೊಡ್ಡದಾಗಿ ಹೊರಗೆ ಬರುತ್ತದೆ. ಪಾಟ್, ಎಲ್‌ಇಡಿಗಳು, ಹೆಡ್‌ಫೋನ್ ಜ್ಯಾಕ್, ಎಲ್ಲದರ ಗ್ರೌಂಡನ್ನೂ ಕೊನೆಯ ಕೆಪಾಸಿಟರ್‌ನ ನೆಗೆಟಿವ್‌ಗೆ ತಂದು ಒಂದೇ ಚುಕ್ಕಿಯಲ್ಲಿ ಕಟ್ಟಿದೆ. ಅಲ್ಲಿಂದ ಚಾಸಿಸ್‌ಗೆ ಒಂದೇ ತಂತಿ. ಸದ್ದು ಹೋಯಿತು. ಆ ನಿಶ್ಶಬ್ದ ಕೇಳಿದಾಗ ಆದ ಖುಷಿ ಮೊದಲ ಹಾಡು ಕೇಳಿದಾಗಲೂ ಆಗಿರಲಿಲ್ಲ.

ಇನ್ನಿಬ್ಬರಿಗೆ ಮೆತ್ತಗಿನ ಹಮ್ ಇತ್ತು. ಒಬ್ಬರು ಹೀಟರ್‌ನ ಎರಡೂ ತಂತಿಯಿಂದ ಗ್ರೌಂಡ್‌ಗೆ ಹಾಕಬೇಕಾದ 100 ಓಮ್ ರೆಸಿಸ್ಟರ್‌ಗಳನ್ನು ಮರೆತಿದ್ದರು. ಇನ್ನೊಬ್ಬರು ಟ್ರಾನ್ಸ್‌ಫಾರ್ಮರ್‌ನ ಬೋಲ್ಟ್ ಸಡಿಲಿಸಿ 90 ಡಿಗ್ರಿ ತಿರುಗಿಸಿದರು, ಮುಗಿಯಿತು.

ಅಳತೆ, ಮತ್ತೆ ಕೇಳಿದ್ದು

ಔಟ್‌ಪುಟ್ ಇಂಪೀಡೆನ್ಸ್ ಅಳೆಯುವುದು ಸುಲಭ. 1 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟು, ಲೋಡ್ ಇಲ್ಲದೆ ಔಟ್‌ಪುಟ್ ಸರಿಯಾಗಿ 1 ವೋಲ್ಟ್ ಬರುವ ಹಾಗೆ ಇಟ್ಟೆ. 300 ಓಮ್ ಸೇರಿಸಿದಾಗ 0.69ಕ್ಕೆ ಇಳಿಯಿತು. ಅಂದರೆ ಆಂಪ್ ಒಳಗೆ 135 ಓಮ್ ಇದೆ. ಇದು ಗೊತ್ತಾದರೆ 32 ಓಮ್ ಹೆಡ್‌ಫೋನ್ ಯಾಕೆ ಬೇಡ ಅಂತ ತಿಳಿಯುತ್ತದೆ. ಅಲ್ಲಿ ಐದರಲ್ಲಿ ನಾಲ್ಕು ಭಾಗ ಸಿಗ್ನಲ್ ಆಂಪ್ ಒಳಗೇ ಕಳೆದುಹೋಗುತ್ತದೆ. ಸಿಗ್ನಲ್ ಇಲ್ಲದಾಗ ಟ್ಯೂಬ್‌ನಲ್ಲಿ ಹರಿಯುತ್ತಿರುವುದು 32 ಮಿಲಿಆಂಪ್, ಅದಕ್ಕಿಂತ ಜಾಸ್ತಿ ಅದು ಎರಡೂ ಕಡೆ ತೂಗಲಾರದು. 32 ಓಮ್ ಮೇಲೆ ಅದು ಬರೀ 1 ವೋಲ್ಟ್ ಪೀಕ್. ಬಾಸ್ ಕತ್ತರಿಸಿಹೋಗುತ್ತದೆ ಅಂತ ಹಲವರು ಹೇಳುತ್ತಾರೆ, ಅದು ಅಷ್ಟು ಸರಿಯಲ್ಲ. ಕೆಪಾಸಿಟರ್ ನೋಡುವುದು 32 ಮತ್ತು 135 ಎರಡನ್ನೂ ಸೇರಿಸಿ. 167 ಓಮ್‌ಗೆ 100 ಮೈಕ್ರೋಫ್ಯಾರಡ್ 9.5 ಹರ್ಟ್ಸ್ ತನಕ ಸಾಕು.

ಟ್ಯೂಬ್ ಸದ್ದು ಬೆಚ್ಚಗಿರುತ್ತದೆ ಅನ್ನುವ ಮಾತಿಗೂ ಈ 135 ಓಮ್‌ಗೂ ಸಂಬಂಧ ಇದೆ ಅಂತ ನನ್ನ ನಂಬಿಕೆ. 300 ಓಮ್ ಅಂತ ಬರೆದ ಹೆಡ್‌ಫೋನ್ ಎಲ್ಲ ಫ್ರೀಕ್ವೆನ್ಸಿಯಲ್ಲೂ 300 ಇರುವುದಿಲ್ಲ. ಡಯಾಫ್ರಂ ತಾನೇ ಕುಣಿಯುವ ಬಾಸ್ ಭಾಗದಲ್ಲಿ ಅದು ಏರುತ್ತದೆ. ಅಲ್ಲಿ 500 ಓಮ್ ಆಯಿತು ಅಂದುಕೊಳ್ಳಿ, 135 ಓಮ್ ಹಿಂದಿದ್ದರೆ ಆ ಜಾಗದಲ್ಲಿ ಒಂದು ಡೆಸಿಬಲ್‌ಗಿಂತ ತುಸು ಜಾಸ್ತಿ ಏರಿಕೆ ಸಿಗುತ್ತದೆ. ಬಾಸ್ ತುಸು ತುಂಬಿಕೊಂಡ ಹಾಗೆ ಕೇಳುತ್ತದೆ. ಫೀಡ್‌ಬ್ಯಾಕ್ ಇಲ್ಲದ ಟ್ರಯೋಡ್‌ನ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಫ್ರೀಕ್ವೆನ್ಸಿಯಲ್ಲಿ ಸೇರಿಕೊಳ್ಳುವ ಸದ್ದು) ಕೂಡ ಇದಕ್ಕೆ ಸೇರುತ್ತದೆ. ನನಗೆ ಇಷ್ಟ ಆಗಿದ್ದು ಹಾಡುವ ದನಿ. ಒಬ್ಬರೇ ಹಾಡುವಾಗ, ಹಿಂದೆ ತಂಬೂರಿ ಮಾತ್ರ ಇದ್ದಾಗ, ಗಂಟೆಗಟ್ಟಲೆ ಕೇಳಿದರೂ ಕಿವಿ ದಣಿಯುವುದಿಲ್ಲ.

ಬಳಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಸ್ವಿಚ್ ಹಾಕಿ ಒಂದೆರಡು ನಿಮಿಷ ಆದ ಮೇಲೆ ಹೆಡ್‌ಫೋನ್ ಚುಚ್ಚಿ, ಆರಿಸುವ ಮೊದಲು ತೆಗೆಯಿರಿ. ಔಟ್‌ಪುಟ್ ಕೆಪಾಸಿಟರ್ 100 ವೋಲ್ಟ್‌ಗೆ ತುಂಬಿಕೊಳ್ಳುವ ಕರೆಂಟ್ ಎಲ್ಲಾದರೂ ಹರಿಯಲೇಬೇಕು. ಅದಕ್ಕಾಗಿ ಔಟ್‌ಪುಟ್‌ನಿಂದ ಗ್ರೌಂಡ್‌ಗೆ 2.2 ಕಿಲೋಓಮ್ ಹಾಕಿದ್ದೇವೆ, ಅದರ ಮೂಲಕ ತುಂಬಿಕೊಳ್ಳಲಿ. ಹೆಡ್‌ಫೋನ್ ಮೂಲಕ ಬೇಡ. 12ಎಯು7ಗೆ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ ನೋಡಿ, ಗಂಟೆಯ ಹಾಗೆ ಮೊಳಗಿದರೆ ಬೇರೆ ಟ್ಯೂಬ್ ಹಾಕಿ. ನಮ್ಮಲ್ಲಿ ಎರಡು ಹಾಗೆ ಬದಲಾದವು.

ಏಳೂ ಆಂಪ್ ಈಗ ಹಾಡುತ್ತಿವೆ. ಹಾಳೆಯಲ್ಲಿ ಏಳು ಸಾಲು ತುಂಬಿವೆ, ನನ್ನ ತಪ್ಪು 132 ಕೂಡ ಅಲ್ಲೇ ಇದೆ, ಅಳಿಸಿಲ್ಲ. ಅದರ ಪಕ್ಕದಲ್ಲಿ “ಎಲ್‌ಇಡಿ ಉಲ್ಟಾ” ಅಂತ ಬರೆದಿದ್ದೇವೆ. ಹೋದ ವಾರ ಎಂಟನೆಯವರು ಸೇರಿದರು. ಅವರ ಸಾಲಿನಲ್ಲಿ ಸದ್ಯಕ್ಕೆ ಒಂದೇ ಅಂಕಿ ಇದೆ: ಹೀಟರ್, 6.4 ವೋಲ್ಟ್.